ಇನ್ನೊಬ್ಬ ಅಕ್ಕ

ಫೆಬ್ರವರಿ ೧೦

ಪ್ರೀತಿಯ ಮರಿಗೆ,

ಸುಖವಾಗಿ ತಲುಪಿದೆ. ಸುಖ ಎನ್ನುವುದು ರೈಲು ಇಳಿಯುವ ತನಕ ಮಾತ್ರ. ಬಂದು ನೋಡಿದರೆ ಅವಳಿ ಕೂಸುಗಳು ಪಾಳಿ ಹಾಕಿಕೊಂಡು ಅಳುತ್ತಿವೆ. ಒಂದು ಮಲಗಿದರೆ ಇನ್ನೊಂದು ಡ್ಯೂಟಿಗೆ ಹಾಜರು. ಮಗಳ ಮುಖ ಬಿಳುಚಿಕೊಂಡಿದೆ. ಅಳಿಯ ಒಳ್ಳೆಯವನೇ, ಆದರೆ ಒಂದು ಬಾಟಲಿ ತೊಳೆದರೆ ಇಡೀ ಅಡುಗೆಮನೆ ಒರೆಸಬೇಕು. ಆರು ತಿಂಗಳ ರಜೆ ಹಾಕಿ ಬಂದದ್ದೇ ಸರಿಯಾಯಿತು.

ನಿನ್ನೆ ನೀನು ಫೋನ್ ಮಾಡಿದಾಗ "ಹೂಂ ಹೂಂ" ಅಂದೆನಲ್ಲ, ಕೇಳಿಸಿದ್ದು ಅರ್ಧ, ಉಳಿದದ್ದು ನಾನೇ ತುಂಬಿಕೊಂಡದ್ದು. ವರ್ಷಗಟ್ಟಲೆ ಗ್ರೈಂಡರಿನ ಪಕ್ಕ ಕೂತ ಕಿವಿ ಇದು. ಎದುರಿಗಿದ್ದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಫೋನಿಗೆ ತುಟಿ ಎಲ್ಲಿಂದ ತರಲಿ? ನೀನು ಕಳಿಸುವ ಎರಡು ಸಾಲಿನ ಮೆಸೇಜು ನನಗೆ ಸಾಲದು. ಕಾಗದ ಬರೆ. ಉದ್ದವಾಗಿ ಬರೆ.

ಈಗ ಮುಖ್ಯ ವಿಷಯ. ನನ್ನ ಜಾಗಕ್ಕೆ ಯಜಮಾನರು ಯಾರನ್ನೋ ತರುತ್ತಾರಂತೆ. ತರಲಿ. ಮೇಣದಲ್ಲಿ ಹಲ್ಲು ಕೂರಿಸಲು ಯಾರಾದರೂ ಬೇಕಲ್ಲ, ಜನರ ಬಾಯಿ ಆರು ತಿಂಗಳು ಬೋಳಾಗಿ ಕಾಯುವುದಿಲ್ಲ. ಆದರೆ ನಮ್ಮ ಹಲ್ಲಿನ ಲ್ಯಾಬು ನಡೆಸುವವರು ಯಜಮಾನರಲ್ಲ ಅನ್ನುವುದು ನಿನಗೂ ಗೊತ್ತು. ಅಚ್ಚು ಹೊಯ್ಯುವ ಪ್ಲಾಸ್ಟರ್ ಮಾವ ಯಾರ ಮುಖ ನೋಡಿ ಮಾತಾಡುತ್ತಾರೋ ಅವರು ಒಳಗಿನವರು. ಯಾರನ್ನಾದರೂ ಕಂಡು ಅವರು ತಲೆ ತಗ್ಗಿಸಿದರೆ ಎಲ್ಲರೂ ತಗ್ಗಿಸುತ್ತಾರೆ. ಪಿಂಗಾಣಿ ಹಲ್ಲಿಗೆ ಬಣ್ಣ ಕೂಡಿಸುವ ನಮ್ಮ ರೇಡಿಯೋ ನಕ್ಕರೆ ಎಲ್ಲರೂ ನಗುತ್ತಾರೆ, ಅವಳ ಕಿವಿಗೆ ಬೆಳಿಗ್ಗೆ ಬಿದ್ದದ್ದು ಊಟದ ಹೊತ್ತಿಗೆ ಎಲ್ಲರ ಕಿವಿಯಲ್ಲೂ ಇರುತ್ತದೆ. ಇದೆಲ್ಲ ಬಂದವಳಿಗೆ ತಿಳಿಯುವಷ್ಟರಲ್ಲಿ ನಾನು ವಾಪಸ್ ಬಂದಿರುತ್ತೇನೆ. ನೀನು ತಿಳಿಸಲು ಹೋಗಬೇಡ.

ಒಬ್ಬಳೇ ಇದ್ದೇನೆ ಅಂತ ಅಡುಗೆ ಮಾಡದೆ ಮಲಗಬೇಡ.

ಇಂತಿ ನಿನ್ನ,
ಅಕ್ಕ


ಫೆಬ್ರವರಿ ೨೨

ಅಕ್ಕನಿಗೆ ನಮಸ್ಕಾರ,

ಮನೆ ಎಷ್ಟು ಖಾಲಿಯೆಂದರೆ ಪೆನ್ನು ಗೀಚುವ ಸದ್ದೂ ಕೇಳಿಸುತ್ತಿದೆ. ಕೂಸುಗಳ ಫೋಟೋ ನೋಡಿದೆ. ಇಬ್ಬರಿಗೂ ನಿನ್ನದೇ ಗದ್ದ. ಪಾಪ.

ಹೊಸಬಳು ಬಂದಳು. ತೆಳ್ಳಗೆ, ಉದ್ದಕ್ಕೆ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದಾಳೆ. ತನ್ನ ಚಾಕು, ಚಮಚ, ದೀಪ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಕೂರುವ ಮೊದಲು ನಿನ್ನ ಸ್ಟೂಲು ಒರೆಸಿದಳು. ರೇಡಿಯೋ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಆಮೇಲೆ ಒಬ್ಬೊಬ್ಬರ ಮೇಜಿಗೂ ಬಂದು ನಮಸ್ಕಾರ ಹೇಳಿದಳು. ಮಾವ ಪ್ಲಾಸ್ಟರ್ ಕಲಸುವುದನ್ನು ನಿಲ್ಲಿಸಲೇ ಇಲ್ಲ.

ತಮಾಷೆ ನಡೆದದ್ದು ಟೀ ಹೊತ್ತಿನಲ್ಲಿ. ಮೊದಲ ಲೋಟ ನಿನ್ನ ಮೇಜಿಗೆ ಹೋಗುತ್ತಿತ್ತಲ್ಲ, ಈಗ ಯಾರಿಗೆ ಕೊಡಬೇಕೆಂದು ತಿಳಿಯದೆ ರೇಡಿಯೋ ಫ್ಲಾಸ್ಕ್ ಹಿಡಿದು ಲ್ಯಾಬಿನ ನಡುವೆ ನಿಂತುಬಿಟ್ಟಳು. ಕೊನೆಗೆ ಮಾವನಿಗೆ ಕೊಟ್ಟಳು. ಮಾವನಿಗೆ ಅಷ್ಟು ಬಿಸಿ ಟೀ ಅಭ್ಯಾಸವಿಲ್ಲ, ಬಾಯಿ ಸುಟ್ಟುಕೊಂಡರು. ಹೊಸಬಳಿಗೆ ಕೊನೆಯ ಲೋಟ. ತಣ್ಣಗಿತ್ತು. ಕುಡಿದು ತೊಳೆದಿಟ್ಟಳು.

ಇನ್ನೊಂದು ಕೇಳು. ಒಬ್ಬ ಅಜ್ಜನ ಹಲ್ಲಿನ ಸೆಟ್ಟಿನ ಕೆಲಸ ಬಂದಿತ್ತು. ಇವಳು ಡಾಕ್ಟರಿಗೆ ಫೋನ್ ಮಾಡಿ "ಅವರ ಹಳೇ ಫೋಟೋ ಇದ್ರೆ ಕಳಿಸಿ, ನಗ್ತಾ ಇರೋದು" ಅಂದಳು. ಅವಳು ಆಚೆ ಹೋಗಿದ್ದೇ ತಡ, ರೇಡಿಯೋ ಚಮಚವನ್ನೇ ಕಿವಿಗೆ ಹಿಡಿದು, "ಹಲೋ ಡಾಕ್ಟ್ರೇ, ಮದುವೆ ಫೋಟೋ ಬೇಕಾ, ಪಾಸ್‌ಪೋರ್ಟ್ ಸೈಜ್ ಸಾಕಾ?" ಮಾವ ಕೂಡ ನಕ್ಕರು. ಅಷ್ಟರಲ್ಲಿ ಹೊಸಬಳು ಒಳಗೆ ಬಂದಳು, ನಾವು ನಗುವುದು ನೋಡಿ ತಾನೂ ನಕ್ಕಳು. ತನ್ನ ಬಗ್ಗೆ ಎಂದು ಗೊತ್ತಾಗಲಿಲ್ಲವೇನೋ. ಗೊತ್ತಾಗಿಯೂ ಇರಬಹುದು.

ಬೇಗ ಬಾ. ನೀನಿಲ್ಲದೆ ಮೇಜು ಮೇಜಿನಂತಿಲ್ಲ.

ನಿನ್ನ,
ತಂಗಿ


ಮಾರ್ಚ್ ೩

ಮರಿಗೆ,

ನಿನ್ನ ಕಾಗದ ಓದಿ ನಕ್ಕ ಸದ್ದಿಗೆ ಮಲಗಿದ್ದ ಕೂಸು ಎದ್ದಿತು. ಮಗಳು ಬೈದಳು. ಬೈದರೂ ಅಡ್ಡಿಯಿಲ್ಲ, ಇನ್ನೊಮ್ಮೆ ಓದಿದೆ. ಚಮಚದ ಫೋನ್!

ಅವಳಿಗೆ ಹೆಸರಿಟ್ಟಿದ್ದೇನೆ. ಬದಲಿ. ಬಸ್ಸು ಕೆಟ್ಟರೆ ಬದಲಿ ಬಸ್ಸು ಬರುವುದಿಲ್ಲವೇ, ಹಾಗೆ. ನಗುವ ಫೋಟೋ ಬೇಕಂತೆ. ಅಚ್ಚು ಕೈಯಲ್ಲಿ ಹಿಡಿದರೆ ಇಡೀ ಮುಖ ಕಾಣಬೇಕು, ಅದು ಕೈ ಪಳಗಿದವರ ಲಕ್ಷಣ. ಫೋಟೋ ನೋಡಿ ಯಾರು ಬೇಕಾದರೂ ಮಾಡುತ್ತಾರೆ.

ಬದಲಿ ಕೋರೆಹಲ್ಲನ್ನು ಹೇಗೆ ಕೂರಿಸುತ್ತಾಳೆ? ನೇರಕ್ಕೋ, ನನ್ನ ಹಾಗೆ ಕೊಂಚ ತಿರುಗಿಸಿಯೋ? ಸುಮ್ಮನೆ ಕೇಳಿದೆ. ಸ್ಟೂಲಿನ ಎತ್ತರ ಬದಲಿಸಿದ್ದಾಳಾ? ಕಿಟಕಿಯ ಪರದೆ ಸರಿಸಿ ಕೂರುತ್ತಾಳಾ? ಇದೂ ಸುಮ್ಮನೆ.

ಇಂತಿ ನಿನ್ನ,
ಅಕ್ಕ


ಮಾರ್ಚ್ ೨೭

ಅಕ್ಕನಿಗೆ,

ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಕೆಲಸ ಹೆಚ್ಚಾಗಿತ್ತು.

ನೀನು ಕೇಳಿದ್ದಕ್ಕೆ ಉತ್ತರ. ಕೋರೆಹಲ್ಲನ್ನು ಕೊಂಚ ತಿರುಗಿಸಿಯೇ ಕೂರಿಸುತ್ತಾರೆ. ಸ್ಟೂಲು ಎತ್ತರಿಸಿದ್ದಾರೆ, ಉದ್ದಕ್ಕಿದ್ದಾರಲ್ಲ. ಪರದೆ ಸರಿಸುತ್ತಾರೆ. ನಾನು ಸೆಟ್ ಉಜ್ಜಿ ಮಿರುಗಿಸುವ ಚಕ್ರದ ತನಕ ಬೆಳಕು ಬರುತ್ತದೆ, ಮೊದಲು ಬರುತ್ತಿರಲಿಲ್ಲ.

ಒಂದು ವಿಷಯ ನಡೆಯಿತು, ನಿನಗೆ ಹೇಳಬೇಕು. ಡಾಕ್ಟರರಿಂದ ಒಂದು ಸೆಟ್ ವಾಪಸ್ ಬಂತು. ನೀನಿದ್ದಾಗ ವಾಪಸ್ ಬಂದದ್ದು ನೇರ ನಿನ್ನ ಡ್ರಾಯರಿಗೆ ಹೋಗುತ್ತಿತ್ತು, ಮಾರನೆಯ ದಿನ ಸರಿಯಾಗಿ ಆಚೆ ಹೋಗುತ್ತಿತ್ತು. ಯಾರ ತಪ್ಪು, ಏನು ತಪ್ಪು, ಯಾರೂ ಕೇಳುತ್ತಿರಲಿಲ್ಲ. ಇವರು ಅದನ್ನು ನಾವು ಊಟ ಮಾಡುವ ನಡುಮೇಜಿನ ಮೇಲಿಟ್ಟು, ದೀಪ ಹಾಕಿ, "ಎಲ್ಲರೂ ಒಂದ್ನಿಮಿಷ ಬನ್ನಿ" ಎಂದು ಕರೆದರು.

ಯಾರೂ ಹೋಗಲಿಲ್ಲ. ಕೈ ತೊಳೆಯಲು ಹೋದ ಮಾವ ತೊಳೆಯುತ್ತಲೇ ಇದ್ದರು. ರೇಡಿಯೋ ಬಾಯಿಗೂ ಬೀಗ. ನಾನು ಖಾಲಿ ಚಕ್ರ ತಿರುಗಿಸುತ್ತ ಕೂತೆ.

ಆಗ ಇವರೇ ಅಂದರು, "ಹಲ್ಲು ಕಚ್ಚೋ ಎತ್ತರ ನಾನೇ ಜಾಸ್ತಿ ಇಟ್ಟಿದ್ದೀನಿ ಅನ್ಸುತ್ತೆ. ನನ್ನ ಕಣ್ಣಿಗೆ ನನ್ನ ತಪ್ಪು ಕಾಣ್ತಾ ಇಲ್ಲ, ಯಾರಾದ್ರೂ ನೋಡಿ ಹೇಳಿ."

ಬಹಳ ಹೊತ್ತಾದ ಮೇಲೆ ಮಾವ ಕೈ ಒರೆಸಿಕೊಳ್ಳುತ್ತ ಬಂದರು. ಸೆಟ್ ತಿರುಗಿಸಿ ನೋಡಿದರು. "ಮೇಣದ್ದಲ್ಲ ಇದು. ಅಚ್ಚಲ್ಲೇ ಗುಳ್ಳೆ ಇತ್ತು," ಅಂದರು. ಆಮೇಲೆ ಇನ್ನೊಂದು ಮಾತು. "ನಂದು."

ಅಕ್ಕ, ಮಾವನ ಬಾಯಿಂದ "ನಂದು" ಎನ್ನುವ ಮಾತು ಯಾವತ್ತಾದರೂ ಕೇಳಿದ್ದೀಯಾ? ರೇಡಿಯೋ, "ಅಯ್ಯೋ ಮಾವಾ, ಗುಳ್ಳೆ ತಾನೆ, ಮಗು ಅಲ್ವಲ್ಲ, ಅಷ್ಟ್ಯಾಕೆ ಗಂಭೀರವಾಗಿ ನಂದು ಅಂತೀರಿ" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಮಾವನ ಕಣ್ಣಲ್ಲಿ ನೀರು ಬರುವಷ್ಟು.

ಈಗ ವಾಪಸ್ ಬಂದದ್ದೆಲ್ಲ ನಡುಮೇಜಿಗೆ ಹೋಗುತ್ತದೆ.

ನಿನ್ನ,
ತಂಗಿ


ಏಪ್ರಿಲ್ ೨

ಮರಿಗೆ,

ಮಾವನ ಕೈ ನಡುಗುತ್ತದೆ ಅನ್ನುವುದು ನನಗೆ ಎಂದಿನಿಂದಲೋ ಗೊತ್ತು. ಗಾಳಿ ಹೋಗುವಂತೆ ಅಚ್ಚು ತಟ್ಟುವುದು ಸಾಲುತ್ತಿಲ್ಲ, ಅದಕ್ಕೇ ಗುಳ್ಳೆ. ನಾನು ಒಂದು ಮಾತೂ ಆಡದೆ ಕೆರೆದು ತುಂಬಿ ಕಳಿಸುತ್ತಿದ್ದೆ. ದೊಡ್ಡವರ ಮರ್ಯಾದೆ ಕಾಯುವುದೆಂದರೆ ಅದು. ನಿನ್ನ ಬದಲಿ ಅದನ್ನು ಊಟದ ಮೇಜಿನ ಮೇಲೆ ಹರಡಿ ನಗೆಪಾಟಲು ಮಾಡಿದಳು, ನೀನೂ ನಕ್ಕೆ.

ಹಿಂದಿನ ಕಾಗದದಲ್ಲಿ "ಅವಳು" ಇದ್ದವಳು ಈ ಕಾಗದದಲ್ಲಿ "ಅವರು" ಆಗಿದ್ದಾಳೆ. ಕಿವಿ ಮಂದವಾಗಿದೆ, ಕಣ್ಣಲ್ಲ.

ಟೀಯ ಮೊದಲ ಲೋಟ ಈಗ ಯಾರಿಗೆ? ಅದನ್ನು ಬರೆದಿಲ್ಲ ನೀನು.

ಅಕ್ಕ


ಏಪ್ರಿಲ್ ೨೯

ಅಕ್ಕನಿಗೆ,

ಮೊದಲ ಲೋಟ ಯಾರು ಹತ್ತಿರವಿರುತ್ತಾರೋ ಅವರಿಗೆ. ಈಗ ಯಾರೂ ಅದನ್ನು ಗಮನಿಸುತ್ತಿಲ್ಲ.

ಈ ಕಾಗದ ಬರೆಯಲೋ ಬೇಡವೋ ಎಂದು ವಾರದಿಂದ ಯೋಚಿಸಿದೆ. ಕಳೆದ ಸೋಮವಾರ ಒಂದು ಮೇಲ್ದವಡೆಯ ಸೆಟ್ ವಾಪಸ್ ಬಂತು. ಹಾಕಿಕೊಂಡವರು ನಕ್ಕರೆ ಜಾರುತ್ತದಂತೆ. ನಡುಮೇಜಿನಲ್ಲಿ ಎಲ್ಲರೂ ನೋಡಿದರು. ಯಾರಿಗೂ ತಪ್ಪು ಕಾಣಲಿಲ್ಲ. ಇವರು ನನ್ನ ಬೆರಳು ಹಿಡಿದು ಅದರ ಅಂಚಿನ ಮೇಲೆ ಮೆಲ್ಲಗೆ ಆಡಿಸಿದರು. "ಗೊತ್ತಾಯ್ತಾ? ಮಿರುಗಲಿ ಅಂತ ಇಲ್ಲಿ ಜಾಸ್ತಿ ಉಜ್ಜಿಬಿಟ್ಟಿದ್ದೀಯ. ಅಂಚು ತೆಳ್ಳಗಾದ್ರೆ ಗಾಳಿ ಒಳಗೆ ನುಗ್ಗುತ್ತೆ, ಸೆಟ್ ಹಿಡ್ಕೊಳ್ಳಲ್ಲ."

ನಾನು ಅದು ಒಂದು ಸಲದ ತಪ್ಪು ಅಂದುಕೊಂಡೆ. ಮಾವ ಸಹಜವಾಗಿ, ಟೀ ಕುಡಿಯುತ್ತ, ಅಂದರು: "ಇವಳದು ಮೊದ್ಲಿಂದ್ಲೂ ಹಂಗೇ. ಅಕ್ಕ ಸರಿ ಮಾಡಿ ಕಳಿಸ್ತಿದ್ಲಲ್ಲ."

ಮೊದಲಿನಿಂದಲೂ. ಅಂದರೆ ನೀನು ನನ್ನನ್ನು ಆ ಚಕ್ರದ ಮುಂದೆ ಕೂರಿಸಿದ ದಿನದಿಂದ, ಒಂಬತ್ತು ವರ್ಷ. "ನನ್ನ ತಂಗಿಯ ಕೈ ಬಂಗಾರ" ಎಂದು ಎಲ್ಲರೆದುರು ಹೇಳುತ್ತಿದ್ದವಳು ನೀನು. ಸಂಜೆ ಎಲ್ಲರೂ ಹೋದ ಮೇಲೆ ಸ್ವಲ್ಪ ಕೆಲಸವಿದೆ ಎಂದು ಉಳಿಯುತ್ತಿದ್ದದ್ದು ಇದಕ್ಕೇನಾ? ಒಂದು ಸಲ ಹೇಳಿದ್ದರೆ ಕಲಿತುಬಿಡುತ್ತಿದ್ದೆ. ಇವರು ಹೇಳಿದ ಮೇಲೆ ಎರಡೇ ದಿನಕ್ಕೆ ಕೈಗೆ ಬಂತು. ಯಾಕೆ ಹೇಳಲಿಲ್ಲ?

ನಾನು ಬಚ್ಚಲುಮನೆಗೆ ಹೋಗಿ ಅತ್ತೆ. ಅಕ್ಕ ಬಂದು ಬಾಗಿಲ ಆಚೆ ನಿಂತು ಹೇಳಿದರು, "ತಪ್ಪು ಗೊತ್ತಾಗಿದ್ದಕ್ಕೆ ಅಳ್ತಿದ್ದೀಯೋ, ಗೊತ್ತಾಗದೇ ಇದ್ದಿದ್ದಕ್ಕೋ?" ನಾನು ಗೊತ್ತಿಲ್ಲ ಅಂದೆ. ಆಮೇಲೆ ಇಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂತೆವು. ನನಗೆ ಸಮಾಧಾನವಾಗಲೆಂದು ತಮ್ಮ ಕಥೆ ಹೇಳಿದರು. ಹಿಂದಿನ ಲ್ಯಾಬಿನಲ್ಲಿ ಜೊತೆಯವನೊಬ್ಬ ಸೆಟ್ ಎರೆಯುವಾಗ ಅಗ್ಗದ ಪುಡಿ ಬೆರೆಸುತ್ತಿದ್ದನಂತೆ. ಇವರು ಅವನನ್ನು ಪಕ್ಕಕ್ಕೆ ಕರೆದು ಬೇಡ ಎಂದಿದ್ದರು, ಅಷ್ಟೇ. ವಿಷಯ ಹೇಗೋ ಅಲ್ಲಿನ ಯಜಮಾನರಿಗೆ ತಲುಪಿ ಅವನ ಕೆಲಸ ಹೋಯಿತು. ಇವರೇ ಚಾಡಿ ಹೇಳಿದ್ದು ಎಂದು ಎಲ್ಲರೂ ನಂಬಿದರು. ಆಮೇಲೆ ಅಲ್ಲಿದ್ದಷ್ಟು ದಿನವೂ ಯಾರೂ ಮಾತಾಡಿಸಲಿಲ್ಲವಂತೆ. ಗೋಡೆಗೆ ಮುಖ ಮಾಡಿ ಊಟ ಮಾಡುತ್ತಿದ್ದರಂತೆ. ಕೊನೆಗೆ ಬಿಟ್ಟು ಬಂದರು.

ಇದನ್ನು ನನಗೊಬ್ಬಳಿಗೇ ಹೇಳಿದ್ದಾರೆ. ನಿನ್ನಲ್ಲೇ ಇರಲಿ.

ತಂಗಿ


ಮೇ ೪

ಮರಿಗೆ,

"ಅಕ್ಕ ಬಂದು ಬಾಗಿಲ ಆಚೆ ನಿಂತು." ಈ ಸಾಲನ್ನು ಮತ್ತೆ ಮತ್ತೆ ಓದಿದೆ. ನಾನು ಯಾವಾಗ ಹೋಗಿ ನಿಂತೆ ಎಂದು ಮೊದಲ ಸಲ ಓದಿದಾಗ ನಿಜವಾಗಿಯೂ ಯೋಚಿಸಿದೆ. ನಗಬೇಡ.

ಯಾಕೆ ಹೇಳಲಿಲ್ಲ ಅಂತ ಕೇಳಿದ್ದೀಯ. ಅಮ್ಮ ಹೋದಾಗ ನಿನಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ನಿನ್ನ ಹೋಮ್‌ವರ್ಕು ನಾನು ಮಾಡಿದೆ, ನಿನ್ನ ಅಂಗಿಯ ಗುಂಡಿ ನಾನು ಹಾಕಿದೆ, ನಿನ್ನ ಅಂಚನ್ನೂ ನಾನೇ ತುಂಬಿದೆ. ಅದರಲ್ಲಿ ಹೇಳಲು ಏನಿದೆ? ನಿನ್ನ ಮುಖ ಸಣ್ಣದಾಗುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅವಳಿಂದ ಆಯಿತು. ಅದೇ ವ್ಯತ್ಯಾಸ. ಮೆಟ್ಟಿಲ ಮೇಲೆ ಕೂತು ಬೆನ್ನು ಸವರಲು ಯಾರಿಗಾದರೂ ಬರುತ್ತದೆ. ನಾಲ್ಕು ದಿನಕ್ಕೆ ಬಂದವಳು ಸವರಿದರೆ ಒಡಹುಟ್ಟಿದವಳಾದಳೇ?

ನನಗೆ ಹೊಟ್ಟೆಕಿಚ್ಚು ಅಂದುಕೋ. ಅಂದುಕೊಂಡರೆ ನನಗೇನು. ರಾತ್ರಿ ಕೂಸಿನ ತೊಟ್ಟಿಲು ತೂಗುವಾಗಲೂ ನನ್ನ ಸ್ಟೂಲಿನ ಮೇಲೆ ಕೂತ ಆ ಉದ್ದನೆಯ ಬೆನ್ನು ಕಣ್ಣಿಗೆ ಬರುತ್ತದೆ. ಮುಖ ನೋಡಿಲ್ಲವಲ್ಲ, ಬೆನ್ನು ಮಾತ್ರ.

ನನ್ನ ರಜೆ ಆಗಸ್ಟಿಗೆ ಮುಗಿಯುತ್ತದೆ. ಅಲ್ಲಿಯ ತನಕ ಯಾರನ್ನು ಏನೆಂದು ಬೇಕಾದರೂ ಕರೆ.

ನಿನ್ನ ಸ್ವಂತ ಅಕ್ಕ


ಜೂನ್ ೧

ಅಕ್ಕ,

ಲ್ಯಾಬಿನಲ್ಲಿ ಏನೋ ಆಗಿದೆ ಎಂದು ತಿಳಿಯಲು ನನಗೆ ಮೂರು ದಿನ ಬೇಕಾಯಿತು. ಜಗಳವಿಲ್ಲ, ಒಂದು ಮಾತಿಲ್ಲ. ಅವರು ನಡುಮೇಜಿಗೆ ಕರೆದರೆ ಎಲ್ಲರಿಗೂ ಕೈತುಂಬ ಕೆಲಸ. ರೇಡಿಯೋ ಲೋಟವನ್ನು ಎಲ್ಲರ ಕೈಗೆ ಕೊಟ್ಟು, ಅವರದನ್ನು ಮೇಜಿನ ತುದಿಯಲ್ಲಿಟ್ಟು ಹೋಗುತ್ತಾಳೆ. ಮಾವ ತಲೆ ತಗ್ಗಿಸಿದ್ದಾರೆ. ಒಂದು ಸೆಟ್ ವಾಪಸ್ ಬಂದದ್ದನ್ನು ಯಾರೋ ಬಟ್ಟೆಯಲ್ಲಿ ಸುತ್ತಿ ನಿನ್ನ ಹಳೆಯ ಡ್ರಾಯರಿಗೆ ತುರುಕಿದ್ದರು.

ಅವರು ಏನೂ ಕೇಳಲಿಲ್ಲ. ಒಂದು ದಿನ ನೋಡಿದರು, ಎರಡನೇ ದಿನ ಅರ್ಥವಾಯಿತು, ಮೂರನೇ ದಿನ ಊಟದ ಡಬ್ಬಿ ತೆಗೆದುಕೊಂಡು ಹೋಗಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಅವರಿಗೆ ಇದರ ಅಭ್ಯಾಸವಿದೆಯಲ್ಲ. ನಾನು ಪಕ್ಕಕ್ಕೆ ಹೋಗಿ ಕೂತೆ. ನನ್ನ ಕಡೆ ತಿರುಗಿ ಬಹಳ ಮೆತ್ತಗೆ, "ಯಾರಿಗೆ ಹೇಳ್ದೆ?" ಅಂದರು.

ನಾನು ಯಾರಿಗೂ ಇಲ್ಲ ಅಂದೆ. ನಿನ್ನನ್ನು ನಾನು "ಯಾರು" ಎಂದು ಎಣಿಸಿಯೇ ಇರಲಿಲ್ಲ.

ರೇಡಿಯೋಳನ್ನು ಹಿಡಿದು ಕೇಳಿದೆ. ಅವಳು, "ನಿಮ್ಮಕ್ಕಾನೇ ಫೋನ್ ಮಾಡಿದ್ರು ಕಣೇ. ಅವ್ರಿಗೆ ಕೇಳ್ಸಲ್ವಲ್ಲ, ನಾನು ಬಾಯಿ ಹಾಕೋ ಹಾಗೇ ಇರ್ಲಿಲ್ಲ. ಅವ್ರು ಹೇಳ್ತಾನೇ ಹೋದ್ರು. ಹಳೇ ಕಡೆ ಒಬ್ಬನ ಕೆಲಸ ತೆಗ್ಸಿದ್ಳಂತೆ, ಯಜಮಾನ್ರ ಕಿವಿ ಊದೋಳಂತೆ. ನಡುಮೇಜು ಯಾಕೆ ಅಂದ್ಕೊಂಡಿದ್ದೀಯ, ಯಾರ ತಪ್ಪು ಎಷ್ಟು ಅಂತ ಗುರುತು ಇಟ್ಕೊಳ್ಳೋಕೆ ಅಂದ್ರು. ಮಾವನಿಗೂ ನೀನೇ ಹೇಳು ಅಂದ್ರು."

ಮಾವನಿಗೂ ನೀನೇ ಹೇಳು. ಯಾರಿಗೆ ಹೇಳಿದರೆ ಯಾರಿಗೆ ತಲುಪುತ್ತದೆ, ಯಾರ ತಲೆ ತಗ್ಗಿದರೆ ಯಾರ ಬಾಯಿ ಮುಚ್ಚುತ್ತದೆ, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ತಂಗಿ


ಜೂನ್ ೧೨

ಮರಿಗೆ,

ಕಾಗದ ಸಿಕ್ಕಿತು. ಕೂಸುಗಳು ಚೆನ್ನಾಗಿವೆ. ದೊಡ್ಡದು ಮಗುಚಿಕೊಂಡಿತು, ಚಿಕ್ಕದು ಅದನ್ನು ನೋಡಿ ರೇಗಿ ಅಳುತ್ತದೆ, ತಾನು ಮಾತ್ರ ಪ್ರಯತ್ನಿಸುವುದಿಲ್ಲ. ನೀನು ಊಟ ಸರಿಯಾಗಿ ಮಾಡುತ್ತಿದ್ದೀಯಾ?

ಅಕ್ಕ


ಜೂನ್ ೨೮

ಮರಿಗೆ,

ರೇಡಿಯೋ ಹೇಳುವುದನ್ನೆಲ್ಲ ನಂಬಬಾರದು. ಫೋನಿನಲ್ಲಿ ನನಗೆ ಕೇಳಿಸುವುದಿಲ್ಲ. ಅವಳು ಏನೋ ಕೇಳಿದಳು, ನಾನು ಏನೋ ಅಂದೆ. ಮಾತು ಹಾಗೆಯೇ ಬೆಳೆಯುತ್ತದೆ.

ಬರೆ.

ಅಕ್ಕ


ಜುಲೈ ೧೩

ಮರಿ,

ಅವಳು ಏನೂ ಕೇಳಲಿಲ್ಲ. ನಾನೇ ಫೋನ್ ಮಾಡಿದೆ, ನಾನೇ ಹೇಳಿದೆ, ಏನಾಗುತ್ತದೆ ಎಂದು ಗೊತ್ತಿದ್ದೇ ಹೇಳಿದೆ. ಬೈದು ಒಂದು ಸಾಲು ಬರೆ. ಪೋಸ್ಟಿನವನು ಬರುವ ಹೊತ್ತಿಗೆ ನಾನು ಬಾಗಿಲಿಗೆ ಹೋಗುವುದನ್ನು ನೋಡಿ ಮಗಳು ಕೇಳುತ್ತಾಳೆ, ನಾನು ಏನೂ ಹೇಳುವುದಿಲ್ಲ.

ಅಕ್ಕ


ಜುಲೈ ೨೪

ಅಕ್ಕನಿಗೆ,

ಬೈಯುವುದಕ್ಕೆ ಬರೆಯುತ್ತಿಲ್ಲ. ನಡೆದದ್ದು ಹೇಳುತ್ತೇನೆ.

ನಿನ್ನ ಜೂನ್ ತಿಂಗಳ ಮೊದಲ ಕಾಗದದಲ್ಲಿ ಕೂಸು ಮಗುಚಿಕೊಂಡದ್ದನ್ನು ಓದಿದ ದಿನ ನಾನು ಟೀ ಹೊತ್ತಿನಲ್ಲಿ ಎದ್ದು ನಿಂತೆ. "ಆ ಮಾತು ನಮ್ಮಕ್ಕನಿಂದ ಬಂದಿದ್ದು. ಅಕ್ಕನಿಗೆ ಹೇಳಿದ್ದು ನಾನು. ನಾನು ಹೇಳಿದ ಹಾಗೆ ಅವಳು ಹೇಳಿಲ್ಲ," ಅಂದೆ. ಆಮೇಲೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಅಗ್ಗದ ಪುಡಿಯಿಂದ ಗೋಡೆಯ ತನಕ. ರೇಡಿಯೋ ಅಳಲು ಶುರುಮಾಡಿದಳು. ಮಾವ ಎದ್ದು ಪ್ಲಾಸ್ಟರಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಆದರೆ ಯಾರ ಕಥೆಯೋ ಅವರೇ ನನ್ನ ಮೇಲೆ ಸಿಟ್ಟಾದರು. "ನನ್ನ ಕಥೆ ಎರಡು ಸಲ ಹಂಚಿದೆ ನೀನು. ಒಂದು ಸಲ ಕದ್ದು, ಒಂದು ಸಲ ಎಲ್ಲರೆದುರು. ಎರಡು ಸಲವೂ ನನ್ನನ್ನ ಕೇಳಲಿಲ್ಲ," ಅಂದರು. ತಿಂಗಳ ಕೊನೆಗೆ ಬಿಡುತ್ತೇನೆ ಎಂದು ಯಜಮಾನರಿಗೆ ಹೇಳಿಬಿಟ್ಟರು.

ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ ಬೇಡಿಕೊಂಡೆ. ಆಗ ಅವರು ಹೇಳಿದ್ದನ್ನು ನಿನಗೆ ಹೇಳಬಹುದೇ ಎಂದು ಈ ಸಲ ಕೇಳಿಯೇ ಬರೆಯುತ್ತಿದ್ದೇನೆ. "ನಿಮಗೇನು ಗೊತ್ತು. ಬಂದ ದಿನದಿಂದ ಅಕ್ಕ ಇದ್ದಿದ್ರೆ ಹೀಗೆ, ಅಕ್ಕ ಇದ್ದಿದ್ರೆ ಹಾಗೆ. ನಾನೊಂದು ಹಲ್ಲು ಕೂರಿಸಿದ್ರೆ ನೀವೆಲ್ಲ ಅವರ ಹಲ್ಲಿನ ಜೊತೆ ಅಳೀತೀರ. ಎದುರಿಗಿರೋರ ಜೊತೆ ಪೈಪೋಟಿ ಮಾಡಬಹುದು, ಇಲ್ಲದೇ ಇರೋರ ಜೊತೆ ಹೇಗೆ ಮಾಡ್ಲಿ? ನಿಮ್ಮಕ್ಕನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ, ಕಂಡೇ ಇಲ್ಲ ಆದ್ರೂ."

ಅವರನ್ನು ನಿಲ್ಲಿಸಿದ್ದು ನಾನಲ್ಲ, ಮಾವ. ಯಜಮಾನರ ಕೋಣೆಗೆ ಕರೆಯದೆ ಕಾಲಿಟ್ಟವರಲ್ಲ ಅವರು. ಅವತ್ತು ಹೋದರು. "ನನ್ನ ಕೈ ನಡುಗುತ್ತೆ. ಹೇಳ್ಕೊಳ್ಳೋಕೆ ಜಾಗ ಆಗಿತ್ತು ಆ ಮೇಜು. ಅವರು ಹೋದ್ರೆ ಅದೂ ಹೋಗುತ್ತೆ," ಅಂದರಂತೆ. ಆಚೆ ಬಂದು ಅವರ ಮುಂದೆ ನಿಂತು, ಮುಖ ನೋಡಿ, "ತಲೆ ತಗ್ಗಿಸಿದ್ದು ತಪ್ಪಾಯ್ತಮ್ಮಾ" ಅಂದರು.

ಅವರು ಉಳಿದಿದ್ದಾರೆ. ಎರಡು ಹೊಸ ಕ್ಲಿನಿಕ್ಕಿನ ಕೆಲಸ ಬಂದಿದೆ, ಮೇಣದ ಮೇಜಿಗೆ ಇಬ್ಬರು ಬೇಕು ಎಂದಿದ್ದಾರೆ ಯಜಮಾನರು. ಮೇಜಿನ ಜವಾಬ್ದಾರಿ ಅವರದು. ನೀನು ಬಂದರೆ ಅವರ ಪಕ್ಕದಲ್ಲಿ ಕೂರಬೇಕು, ಅವರು ಹೇಳಿದ ಕೆಲಸ ಮಾಡಬೇಕು. ಮುಚ್ಚಿಟ್ಟು ಹೇಳಿದರೆ ನೀನು ಬಂದ ಮೇಲೆ ರಂಪವಾಗುತ್ತದೆ, ಅದಕ್ಕೇ ಬಿಚ್ಚಿ ಬರೆದೆ.

ಯಾರೂ ನಿನ್ನನ್ನು ಬೈಯುವುದಿಲ್ಲ. ಅದನ್ನು ತಡೆದುಕೊಳ್ಳುವುದೇ ನಿನಗೆ ಕಷ್ಟ.

ನನಗೆ ಒಬ್ಬಳೇ ಅಕ್ಕ ಎಂದು ಬರೆಯಲಿ ಅಂತ ನೀನು ಕಾಯುತ್ತಿರುತ್ತೀಯ. ಬರೆಯುವುದಿಲ್ಲ. ಆದರೆ ಜಡೆ ಹಾಕಿದವಳು ನೀನೊಬ್ಬಳೇ, ಅದು ಬದಲಾಗುವುದಿಲ್ಲ. ಬಾ.

ತಂಗಿ


ಆಗಸ್ಟ್ ೧

ಮರಿಗೆ,

ಓದಿದೆ. ಮಗಳಿಗೂ ಓದಿ ಹೇಳಿದೆ, ಮೊದಲಿನಿಂದ. ಅವಳು ಕೂಸನ್ನು ಭುಜಕ್ಕೆ ಹಾಕಿಕೊಂಡು ಸುಮ್ಮನೆ ಕೇಳಿ, "ಅಮ್ಮಾ, ನನಗೂ ನೀನು ಏನೇನು ಹೇಳಿಲ್ಲ?" ಅಂದಳು. ಅದಕ್ಕೆ ಬೇರೆಯೇ ಕಾಗದ ಬೇಕು.

ಇಲ್ಲಿಯೇ ಉಳಿದುಬಿಡೋಣ ಅನ್ನಿಸಿತು. ಈ ಊರಿನಲ್ಲೂ ಹಲ್ಲಿಲ್ಲದವರು ಇದ್ದಾರೆ. ಎರಡು ದಿನ ಹಾಗೇ ಯೋಚಿಸಿ, ಮೂರನೇ ದಿನ ಟಿಕೆಟ್ ತೆಗೆಸಿದೆ. ಹದಿನೇಳಕ್ಕೆ ಹೊರಡುತ್ತೇನೆ.

ಒಂದು ಕೇಳಬೇಕು. ಇಷ್ಟು ತಿಂಗಳಲ್ಲಿ ನಾನು ಅವರ ಸ್ಟೂಲು, ಕೋರೆಹಲ್ಲು, ಟೀ ಲೋಟ ಎಲ್ಲ ಕೇಳಿದೆ, ವಯಸ್ಸು ಕೇಳಲಿಲ್ಲ. ಎದುರಿಗೆ ಬಂದಾಗ ಏನೆಂದು ಕರೆಯಲಿ? ನನಗಿಂತ ಚಿಕ್ಕವರಾದರೆ ಹೇಗೋ ಆಗುತ್ತದೆ.

ಅಕ್ಕ


ಆಗಸ್ಟ್ ೬

ಅಕ್ಕನಿಗೆ,

ನಿನಗಿಂತ ಮೂರು ವರ್ಷ ದೊಡ್ಡವರು.

ಸ್ಟೇಷನ್ನಿಗೆ ಬರುತ್ತೇನೆ. ಭಾರದ ಚೀಲ ನೀನೇ ಎತ್ತಬೇಡ.

ತಂಗಿ


ಆಗಸ್ಟ್ ೧೧

ಅಕ್ಕನವರಿಗೆ ನಮಸ್ಕಾರ,

ಮೇಲಿನ ಸಾಲು ಬರೆಯಲು ಎರಡು ಹಾಳೆ ಹರಿದೆ. ಈ ಮಾತನ್ನು ನಾನು ಹುಟ್ಟಿದಾಗಿನಿಂದ ಯಾರಿಗೂ ಬಳಸಿದವಳಲ್ಲ. ಮನೆಗೆ ನಾನೇ ದೊಡ್ಡವಳು, ಲ್ಯಾಬಿನ ಹೆಂಗಸರಲ್ಲೂ ನಾನೇ ದೊಡ್ಡವಳು ಎಂದುಕೊಂಡಿದ್ದೆ. ಮರಿ ನಿಮಗಿದನ್ನು ಎಷ್ಟು ಸುಲಭವಾಗಿ ಅಂದಳೋ ಗೊತ್ತಿಲ್ಲ. ನನ್ನ ಕೈಗೆ ಸುಲಭವಾಗಿ ಬರಲಿಲ್ಲ.

ರೇಡಿಯೋಗೆ ಫೋನ್ ಮಾಡಿದವಳು ನಾನು. ಕೋಪದಲ್ಲಿ ಬಾಯಿ ಜಾರಿದ್ದಲ್ಲ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು, ಯಾವ ಮಾತು ತಿರುಚಬೇಕು, ಎಲ್ಲವನ್ನೂ ಯೋಚಿಸಿ, ಕೂಸುಗಳು ಮಲಗಿದ ಮೇಲೆ, ಶಾಂತವಾಗಿ ಮಾಡಿದೆ. ಆ ಜನರನ್ನು ನಾನು ಬಲ್ಲೆ ಅನ್ನುವ ಹೆಮ್ಮೆ ನನಗೆ. ಬಲ್ಲದ್ದನ್ನು ಬಳಸಿದ್ದು ಇದಕ್ಕೆ. ಮಾವನಿಗೆ ಒಂದು ಗುಳ್ಳೆಯ ಮಾತು ಹೇಳಲಾಗಲಿಲ್ಲ, ತಂಗಿಗೆ ಒಂದು ಅಂಚಿನ ಮಾತು ಹೇಳಲಾಗಲಿಲ್ಲ, ನಿಮ್ಮ ಬಗ್ಗೆ ಮಾತ್ರ ನಾಲಿಗೆ ಸರಾಗವಾಗಿ ಹರಿಯಿತು.

ಕಾಗದದಲ್ಲಿ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು "ಇರಲಿ ಬಿಡಿ" ಎಂದು ಬರೆಯಬೇಕಾಗುತ್ತದೆ. ಎದುರಿಗೆ ಬಂದು ಕೇಳುತ್ತೇನೆ. ಆಗ ಇಲ್ಲ ಅನ್ನುವುದಕ್ಕೆ ನಿಮಗೆ ಅವಕಾಶವಿರುತ್ತದೆ.

ನಿಮಗೂ ನನ್ನ ಮೇಲೆ ಹೊಟ್ಟೆ ಉರಿ ಎಂದು ಮರಿ ಬರೆದಳು. ಓದಿ, ನಿಜ ಹೇಳುತ್ತೇನೆ, ಖುಷಿಯಾಯಿತು. ಆಮೇಲೆ ನಾಚಿಕೆಯಾಯಿತು. ನನ್ನದು ಇನ್ನೂ ಹೋಗಿಲ್ಲ. ಅದು ಹೋದ ಮೇಲೆ ಬರೋಣ ಎಂದು ಕಾದರೆ ನನಗೇ ಹಲ್ಲು ಕಟ್ಟಿಸುವ ವಯಸ್ಸಾಗುತ್ತದೆ. ಅದನ್ನೂ ಕಟ್ಟಿಕೊಂಡೇ ಬರುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಮಾವ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರುತ್ತೇನೆ. ಮೊದಲು ಯಾವ ಕೆಲಸ ಎಂದು ನೀವೇ ಹೇಳಿ. ಹೇಳಿಸಿಕೊಂಡು ನನಗೆ ಅಭ್ಯಾಸವಿಲ್ಲ, ಮುಖ ಊದಿಕೊಳ್ಳಬಹುದು. ಅದರ ಕಡೆ ನೋಡಬೇಡಿ. ಕೆಲಸ ಕೊಡಿ.

ಇಂತಿ,
ನಿಮ್ಮ ಮೇಜಿಗೆ ಬರುತ್ತಿರುವವಳು